ಮುಳುಗಿದ ಊರಿನ ಚರಿತ್ರೆ ಎಲ್ಲಿ ಹುಡುಕೋದು?

ಪ್ರಶ್ನೆ: ನಮ್ಮ ಅಜ್ಜನ ಊರು ಸಾಗರ ತಾಲೂಕಿನಲ್ಲಿತ್ತು. ಮೂವತ್ತು ಮನೆ ಇದ್ದಿರಬಹುದು ಅಷ್ಟೇ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಊರು ಪೂರ್ತಿ ಮುಳುಗಿತು, ಜನ ದಿಕ್ಕಿಗೊಬ್ಬರಂತೆ ಹೋದರು. ಅಜ್ಜ ಈಗಿಲ್ಲ, ಅಜ್ಜಿಗೆ 84. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೇನೆ. ಗೂಗಲ್‌ನಲ್ಲಿ ಹುಡುಕಿದರೆ ಊರಿನ ಹೆಸರೇ ಸಿಗೋದಿಲ್ಲ. ಇಂಥ ಸಣ್ಣ ಊರಿಗೂ ಚರಿತ್ರೆ ಅಂತ ಇರುತ್ತಾ? ಇದ್ದರೆ ಎಲ್ಲಿ ಹುಡುಕಬೇಕು, ಹೇಗೆ ಉಳಿಸಬೇಕು?

ಉತ್ತರ: ಇರುತ್ತದೆ. ಮೂವತ್ತು ಮನೆ ಅಂದರೆ ಮೂವತ್ತು ಸಂಸಾರ, ಅವರ ಗದ್ದೆ, ಸಾಲ, ಜಗಳ, ಮದುವೆ, ದೇವರು. ನಮ್ಮಲ್ಲಿ ಊರಿನ ಚರಿತ್ರೆ ಬರೆಯೋಕೆ ಕೂತವರು ಸಾಮಾನ್ಯವಾಗಿ ಕದಂಬರಿಂದ ಶುರು ಮಾಡಿ ಕೆಳದಿ ಅರಸರ ತನಕ ಬಂದು ಅಲ್ಲಿಗೆ ಮುಗಿಸಿಬಿಡುತ್ತಾರೆ. ಊರಲ್ಲಿ ಬಾಳಿದವರು ಎಲ್ಲೂ ಕಾಣೋದೇ ಇಲ್ಲ. ನೀವು ಹಾಗೆ ಮಾಡಬೇಡಿ. ನಿಮ್ಮ ಮೊದಲ ಕೆಲಸ ಮನೆಪಟ್ಟಿ. ನೀರು ಬರೋಕೆ ಮುಂಚೆ ಊರಲ್ಲಿ ಯಾವ ಯಾವ ಮನೆ ಇತ್ತು, ಯಾರ ಮನೆ ಪಕ್ಕ ಯಾರ ಮನೆ, ಅವರು ಎದ್ದು ಎಲ್ಲಿಗೆ ಹೋದರು. ಇಷ್ಟು ಕೈಗೆ ಬಂದರೆ ಮಿಕ್ಕಿದ್ದೆಲ್ಲ ತಾನಾಗಿ ಬಂದು ಇದಕ್ಕೆ ಸೇರಿಕೊಳ್ಳುತ್ತದೆ.

ಸ್ವಲ್ಪ ಹಿನ್ನೆಲೆ ಹೇಳಬೇಕು, ಯಾಕಂದರೆ ಅಜ್ಜಿಯ ಮಾತಿನಲ್ಲಿ ಎರಡು ಮುಳುಗಡೆ ಬೆರೆತು ಬರಬಹುದು. ಶರಾವತಿಗೆ ಮೊದಲು ಕಟ್ಟಿದ ಅಣೆಕಟ್ಟು ಲಿಂಗನಮಕ್ಕಿ ಅಲ್ಲ. ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು 1948ರಲ್ಲೇ ಮುಗಿದಿತ್ತು. ಜೋಗದ ಮೊದಲ ವಿದ್ಯುದಾಗಾರಕ್ಕೆ, ಅಂದರೆ ಈಗಿನ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ, ನೀರು ಕೊಟ್ಟಿದ್ದು ಅದೇ. ಆಗಲೇ ಒಂದಷ್ಟು ಊರು, ಗದ್ದೆ, ತೋಟ ಹೋಗಿದ್ದವು. ಆಮೇಲೆ ಅದಕ್ಕಿಂತ ಕೆಳಗೆ, ಜೋಗಕ್ಕೆ ಸುಮಾರು 6 ಕಿಲೋಮೀಟರ್ ದೂರದಲ್ಲಿ, 1964ರಲ್ಲಿ ಲಿಂಗನಮಕ್ಕಿ ಬಂತು. ಪೂರ್ತಿ ತುಂಬಿದಾಗ ಅದರ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಹಿಡಿಯೋದು 150 ಟಿಎಂಸಿಗಿಂತ ಜಾಸ್ತಿ, ಹರಡಿಕೊಳ್ಳೋದು ಸುಮಾರು 300 ಚದರ ಕಿಲೋಮೀಟರ್. ಹಳೇ ಹಿರೇಭಾಸ್ಕರ ಅಣೆಕಟ್ಟೇ ಅದರೊಳಗೆ ಮುಳುಗಿತು, ನೀರು ತೀರಾ ಇಳಿದ ಬೇಸಿಗೆಯಲ್ಲಿ ಈಗಲೂ ತಲೆ ಎತ್ತುತ್ತದೆ. ಮೊದಲ ಸಲ ಎದ್ದು ಮೇಲೆ ಎಲ್ಲೋ ಮನೆ ಕಟ್ಟಿಕೊಂಡು, ಎರಡನೇ ಸಲ ಅಲ್ಲಿಂದಲೂ ಎದ್ದ ಸಂಸಾರಗಳಿವೆ. ಅದಕ್ಕೇ ಯಾರ ಹತ್ತಿರ ಮಾತಾಡಿದರೂ "ಇದು ಮಡೆನೂರು ಡ್ಯಾಮಿನದ್ದಾ, ಲಿಂಗನಮಕ್ಕಿಯದ್ದಾ" ಅಂತ ಕೇಳಿ ಬರೆದುಕೊಳ್ಳಿ.

ಈಗ ಅಜ್ಜಿ. ಕಾಗದಪತ್ರ ಆರು ತಿಂಗಳು ಬಿಟ್ಟು ಹುಡುಕಿದರೂ ಅಲ್ಲೇ ಇರುತ್ತದೆ. 84 ವರ್ಷದವರ ನೆನಪು ಹಾಗಲ್ಲ. 1964ರಲ್ಲಿ 15 ವರ್ಷ ಆಗಿದ್ದವರಿಗೇ ಈಗ 75 ದಾಟಿದೆ. ಊರನ್ನು ದೊಡ್ಡವರ ಕಣ್ಣಲ್ಲಿ ನೋಡಿದವರು ಇನ್ನು ಕೆಲವೇ ಜನ. ಆದ್ದರಿಂದ ಈ ವಾರಾಂತ್ಯವೇ ಹೊರಡಿ, ಕಚೇರಿ ಕೆಲಸ ಆಮೇಲೆ ನೋಡೋಣ.

"ಊರಿನ ಚರಿತ್ರೆ ಹೇಳಿ" ಅಂತ ಕೇಳಿದರೆ ಯಾರೂ ಏನೂ ಹೇಳೋದಿಲ್ಲ. "ಅದೆಂಥ ಚರಿತ್ರೆ, ನಮ್ಮದೆಲ್ಲ ಕಾಡು ಊರು" ಅಂದುಬಿಡುತ್ತಾರೆ. ನಾನು ಮಾಡೋದು ಹೀಗೆ. ಒಂದು ದೊಡ್ಡ ಹಾಳೆ ಹಾಸಿ ನಡುವೆ ಅವರ ಮನೆ ಬರೆಯುತ್ತೇನೆ. ಬಾಗಿಲು ಯಾವ ಕಡೆ? ಅಂಗಳ ಇಳಿದು ನೀರಿಗೆ ಹೋಗಬೇಕಾದರೆ ಎಡಕ್ಕೋ ಬಲಕ್ಕೋ? ದಾರಿಯಲ್ಲಿ ಮೊದಲು ಯಾರ ಮನೆ ಸಿಗುತ್ತಿತ್ತು? ಅವರ ಮನೆಯಲ್ಲಿ ಯಾರ್ಯಾರಿದ್ದರು? ದನ ಯಾವ ಕಡೆಗೆ ಹೊಡೀತಿದ್ರಿ, ಸಂಜೆ ಯಾವ ದಾರಿಯಲ್ಲಿ ಬರುತ್ತಿದ್ದವು? ಇಂಥ ಪ್ರಶ್ನೆಗೆ ನೆನಪು ಕಾಲಿನಿಂದ ಬರುತ್ತದೆ. ಹತ್ತು ನಿಮಿಷ ಸುಮ್ನೆ ಕೂತಿದ್ದ ಅಜ್ಜಿಯೊಬ್ಬರು, ಹೊಳೆಗೆ ಬಟ್ಟೆ ಒಗೆಯೋಕೆ ಹೋಗುವ ದಾರಿ ಕೇಳಿದ್ದೇ ತಡ, ಎರಡು ಗಂಟೆ ಹೊತ್ತು ಒಂದೊಂದೇ ಮನೆ, ಸಂಕ (ಹಳ್ಳ ದಾಟುವ ಕಾಲುಸೇತುವೆ), ಮಾವಿನ ಮರ, ಚೌಡಿ ಕಲ್ಲು ಅಂತ ಬೆರಳಿಟ್ಟು ತೋರಿಸುತ್ತಾ ಹೋದರು. ಮನೆಯವರೇ ಆಶ್ಚರ್ಯಪಟ್ಟರು, ಅಷ್ಟು ವರ್ಷ ಅವರನ್ನು ಯಾರೂ ಅದನ್ನು ಕೇಳಿರಲಿಲ್ಲ.

ಇನ್ನೊಂದು ಮುಖ್ಯ ವಿಷಯ. ಊರಲ್ಲಿದ್ದ ಗಂಡಸರನ್ನು ಮಾತ್ರ ಹುಡುಕಬೇಡಿ. ಮುಳುಗಡೆಗೆ ಮುಂಚೆ ಆ ಊರಿಂದ ಬೇರೆ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಹುಡುಕಿ. ಊರಲ್ಲೇ ಇದ್ದವರಿಗೆ ಕೊನೆಯ ಎರಡು ಮೂರು ವರ್ಷದ ಗಡಿಬಿಡಿ, ಪರಿಹಾರ, ಸಾಮಾನು ಹೊತ್ತದ್ದು, ಮರ ಕಡಿದದ್ದು, ಇವೇ ಮೇಲೆ ಬಂದು ಹಳೇದನ್ನು ಮುಚ್ಚಿರುತ್ತವೆ. ತವರು ಬಿಟ್ಟು ಹೋದವರ ಮನಸ್ಸಲ್ಲಿ ಊರು ಬಿಟ್ಟ ದಿನ ಹೇಗಿತ್ತೋ ಹಾಗೇ ಇರುತ್ತದೆ. ಹಾಡು, ಹಸೆ, ಅಡುಗೆ, ಹಬ್ಬದ ಕ್ರಮ ಎಲ್ಲ ಅವರ ಹತ್ತಿರ ಸಿಗುವಷ್ಟು ಬೇರೆಯವರ ಹತ್ತಿರ ಸಿಗೋದಿಲ್ಲ.

ನಿಮ್ಮದು ದೀವರು ಅನ್ನೋ ಸಮುದಾಯದವರ ಊರೋ, ಹವ್ಯಕ ಬ್ರಾಹ್ಮಣರ ಊರೋ, ಎರಡೂ ಇದ್ದ ಊರೋ ನೀವು ಬರೆದಿಲ್ಲ. ದೀವರ ಮನೆಗಳಿದ್ದರೆ ಹಸೆ ಚಿತ್ತಾರದ ಬಗ್ಗೆ ಬಿಡದೆ ಕೇಳಿ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಮದುವೆ ಮನೆಯಲ್ಲಿ ಯಾರು ಬರೆಯುತ್ತಿದ್ದರು, ಅವರಿಗೆ ಯಾರು ಕಲಿಸಿದ್ದು ಅಂತ ಕೇಳಿ ನೋಡಿ, ಎರಡು ಮೂರು ತಲೆಮಾರಿನ ಹೆಂಗಸರ ಹೆಸರು ಒಟ್ಟಿಗೆ ಬರುತ್ತದೆ. ಈ ಹೆಸರುಗಳು ಯಾವ ಸರ್ಕಾರಿ ಕಡತದಲ್ಲೂ ಇಲ್ಲ. ಭೂಮಿ ಹುಣ್ಣಿಮೆಯಲ್ಲಿ ಗದ್ದೆಗೆ ಎಡೆ ಒಯ್ಯುವ ಚಿತ್ತಾರದ ಬುಟ್ಟಿ ಬಗ್ಗೆಯೂ ಹೀಗೇ ಕೇಳಿ. ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ಊರೂರು ತಿರುಗುತ್ತಿದ್ದರಲ್ಲ, ಅವರು ಎಲ್ಲಿಂದ ಬಂದು, ಯಾವ ಮನೆಗೆ ಮೊದಲು ಹೋಗಿ, ಮುಂದೆ ಯಾವ ಊರಿಗೆ ದಾಟುತ್ತಿದ್ದರು? ಆ ದಾರಿ ಬರೆದುಕೊಂಡರೆ ಮುಳುಗಿದ ಊರುಗಳ ನಕ್ಷೆಯ ಅರ್ಧ ಭಾಗ ನಿಮ್ಮ ಕೈಯಲ್ಲಿದೆ ಅಂತಲೇ ಲೆಕ್ಕ.

ರೆಕಾರ್ಡ್ ಮಾಡೋಕೆ ನಿಮ್ಮ ಮೊಬೈಲ್ ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ಆರಿಸಿ, ಶುರುವಿಗೆ ದಿನಾಂಕ, ಜಾಗ, ಮಾತಾಡುವವರ ಹೆಸರು ನೀವೇ ಹೇಳಿ. ಇದನ್ನು ಯಾರ್ಯಾರಿಗೆ ಕೇಳಿಸಬಹುದು ಅಂತ ಅವರ ಒಪ್ಪಿಗೆಯನ್ನೂ ಅದರಲ್ಲೇ ಹಿಡಿದುಕೊಳ್ಳಿ. ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಿ ಬರೆಯಬೇಡಿ. ಅವರು ಆಡಿದ ಹಾಗೇ ಇರಲಿ.

ಇನ್ನು ಕಾಗದಪತ್ರ. ನಿಮ್ಮಂಥ ಊರಿಗೆ ಎಲ್ಲಕ್ಕಿಂತ ಬೆಲೆಬಾಳೋದು ಭೂಸ್ವಾಧೀನದ ಕಡತ. ಸರ್ಕಾರ ಜಮೀನು ತೆಗೆದುಕೊಳ್ಳಬೇಕಾದರೆ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಬೇಕಿತ್ತು. ಊರಿನ ಹೆಸರು, ಸರ್ವೆ ನಂಬರ್, ವಿಸ್ತೀರ್ಣ, ಖಾತೆದಾರನ ಹೆಸರು ಅದರಲ್ಲಿ ಇರುತ್ತವೆ. ತರಿ (ಗದ್ದೆ), ಖುಷ್ಕಿ (ಒಣಭೂಮಿ), ಬಾಗಾಯ್ತು (ತೋಟ) ಅಂತ ಜಮೀನನ್ನು ಬೇರೆ ಮಾಡಿರುತ್ತಾರೆ. ಆಮೇಲೆ ಪರಿಹಾರ ನಿಗದಿ ಮಾಡಿದ ಪಟ್ಟಿ ಬರುತ್ತದೆ. ಅದರಲ್ಲಿ ಜಮೀನಿಗೆ ಬೇರೆ, ಮನೆಗೆ ಬೇರೆ, ಬಾವಿಗೆ ಬೇರೆ, ಮರಗಳಿಗೆ ಬೇರೆ ಬೆಲೆ ಕಟ್ಟುತ್ತಿದ್ದರು. ಯಾರ ಮನೆಗೆ ಹೆಂಚು ಇತ್ತು, ಯಾರದ್ದು ಸೋಗೆ ಮನೆ, ಯಾರ ಹಿತ್ತಲಲ್ಲಿ ಎಷ್ಟು ತೆಂಗು, ಎಷ್ಟು ಹಲಸು ಅಂತ ಒಂದು ಊರನ್ನು ಇಷ್ಟು ಹತ್ತಿರದಿಂದ ಎಣಿಸಿಟ್ಟ ದಾಖಲೆ ನಮ್ಮ ಬಾಳುತ್ತಿರುವ ಊರುಗಳಿಗೂ ಇರೋದಿಲ್ಲ. ಸಾಗರದ ಉಪವಿಭಾಗಾಧಿಕಾರಿ ಕಚೇರಿ, ಶಿವಮೊಗ್ಗದ ಜಿಲ್ಲಾಧಿಕಾರಿ ಕಚೇರಿ, ಬೆಂಗಳೂರಿನ ರಾಜ್ಯ ಪತ್ರಾಗಾರ, ಈ ಮೂರು ಕಡೆ ವಿಚಾರಿಸಿ. ಬಾಯಲ್ಲಿ ಕೇಳಿದರೆ "ಇಲ್ಲ" ಅನ್ನೋ ಉತ್ತರ ಬೇಗ ಬರುತ್ತದೆ. ಊರಿನ ಹೆಸರು, ಹೋಬಳಿ, ಅಂದಾಜು ವರ್ಷ ಬರೆದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಕಡತ ಹುಡುಕಲೇಬೇಕಾಗುತ್ತದೆ.

ಆದರೆ ಈ ಪಟ್ಟಿ ಇಟ್ಟುಕೊಂಡು ಇದೇ ಇಡೀ ಊರು ಅಂದುಕೊಳ್ಳಬೇಡಿ. ಇದು ನಾನು ಒತ್ತಿ ಹೇಳಬೇಕಾದ ಮಾತು. ಖಾತೆ ಇದ್ದದ್ದು ಒಡೆಯರ ಹೆಸರಲ್ಲಿ. ಗದ್ದೆ ಉತ್ತವರಲ್ಲಿ ಬಹಳ ಜನ ಗೇಣಿದಾರರು. ಇದೇ ಸಾಗರ ತಾಲೂಕಿನಲ್ಲಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದಿದ್ದು ಯಾಕೆ? ಗೇಣಿ ಭತ್ತ ಅಳೆಯುವ ಕೊಳಗದ ವಿಷಯಕ್ಕೇ ಅಲ್ವಾ. ಎಚ್. ಗಣಪತಿಯಪ್ಪನವರು ರೈತರನ್ನು ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ರಾಮಮನೋಹರ ಲೋಹಿಯಾ ಬಂದು ಜೈಲಿಗೆ ಹೋದರು. ಉಳುವವನಿಗೆ ಭೂಮಿ ಅನ್ನೋ ಮಾತು ಇಲ್ಲಿಂದಲೇ ರಾಜ್ಯಕ್ಕೆಲ್ಲ ಹಬ್ಬಿತು. ಭೂಸುಧಾರಣೆ ಕಾಯ್ದೆ 1961ರಲ್ಲಿ ಆಯಿತು, ಜಾರಿಗೆ ಬಂದಿದ್ದು 1965ರ ಅಕ್ಟೋಬರ್‌ನಲ್ಲಿ, ಗೇಣಿದಾರರನ್ನು ನಿಜವಾಗಿ ಒಡೆಯರನ್ನಾಗಿ ಮಾಡಿದ ತಿದ್ದುಪಡಿ ದೇವರಾಜ ಅರಸರ ಕಾಲದ್ದು, 1974. ಅಷ್ಟರಲ್ಲಿ ನಿಮ್ಮ ಅಜ್ಜನ ಊರು ನೀರಿನ ಅಡಿಯಲ್ಲಿತ್ತು. ಪಕ್ಕದ ಊರಿನ ಗೇಣಿದಾರ ಡಿಕ್ಲರೇಷನ್ ಹಾಕಿ ಭೂಮಿಯ ಒಡೆಯನಾದ. ಮುಳುಗಿದ ಊರಿನ ಗೇಣಿದಾರನಿಗೆ ಅರ್ಜಿಯಲ್ಲಿ ಬರೆಯೋಕೆ ಭೂಮಿಯೇ ಉಳಿದಿರಲಿಲ್ಲ. ಜಮೀನಿನ ಪರಿಹಾರ ಖಾತೆದಾರನ ಹೆಸರಿಗೆ ಹೋಗಿತ್ತು. ಇವರು ಕಾಡಂಚಿನಲ್ಲಿ ಜಾಗ ಕಡಿದು ಬದುಕು ಕಟ್ಟಿಕೊಂಡರು, ಆ ಜಾಗದ ಹಕ್ಕುಪತ್ರಕ್ಕೆ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಅಲೆಯುತ್ತಿದ್ದಾರೆ.

ಅದಕ್ಕೇ ಮನೆಪಟ್ಟಿ ಮೊದಲು ಅಂದಿದ್ದು. ಕಡತದಲ್ಲಿ ಒಂದು ಹೆಸರು ಇರುವ ಕಡೆ ಗದ್ದೆಯ ಮೇಲೆ ನಾಲ್ಕು ಸಂಸಾರ ಬದುಕಿರಬಹುದು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೇ ಊರು ಪೂರ್ತಿ ಕಾಣೋದು. ಒಡೆಯರ ಮನೆಯವರನ್ನೂ ಮಾತಾಡಿಸಿ, ಗೇಣಿದಾರರ ಮನೆಯವರನ್ನೂ ಮಾತಾಡಿಸಿ, ಊರಿನ ಹೊರಗೆ ಕೇರಿ ಇದ್ದಿದ್ದರೆ ಅವರನ್ನು ಮೊದಲು ಮಾತಾಡಿಸಿ. ಮೂರು ಕಡೆಯ ಮಾತು ಒಂದಕ್ಕೊಂದು ತಾಳೆಯಾಗೋದಿಲ್ಲ. ತಾಳೆ ಮಾಡೋಕೆ ಹೋಗಬೇಡಿ, ಯಾರು ಏನು ಹೇಳಿದರು ಅಂತ ಹೆಸರಿಟ್ಟು ಬರೆಯಿರಿ.

ಎರಡನೆಯದು ಶಾಲೆಯ ದಾಖಲಾತಿ ಪುಸ್ತಕ. ಊರಲ್ಲೋ ಪಕ್ಕದ ಊರಲ್ಲೋ ಒಂದು ಪ್ರಾಥಮಿಕ ಶಾಲೆ ಇದ್ದಿರುತ್ತದೆ. ಶಾಲೆ ಮುಚ್ಚಿದಾಗ ಆ ಪುಸ್ತಕ ಹತ್ತಿರದ ಶಾಲೆಗೋ ಶಿಕ್ಷಣ ಇಲಾಖೆಯ ಕಚೇರಿಗೋ ಹೋಗಿರುತ್ತದೆ. ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ದಿನ, ಶಾಲೆ ಬಿಟ್ಟ ದಿನ, ಬಿಟ್ಟ ಕಾರಣ ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ. ಶಾಲೆ ಬಿಟ್ಟ ದಿನಾಂಕಗಳನ್ನು ಜೋಡಿಸಿ ನೋಡಿದರೆ ಊರು ಯಾವ ತಿಂಗಳಲ್ಲಿ ಖಾಲಿಯಾಗುತ್ತಾ ಬಂತು ಅಂತ ಗೊತ್ತಾಗುತ್ತದೆ. ಗೇಣಿದಾರರ ಮಕ್ಕಳ ಹೆಸರು ಸಿಗುವ ಸರ್ಕಾರಿ ದಾಖಲೆ ಇದು. ಶಾಲೆಗೆ ಹೋಗದವರ ಹೆಸರು ಇಲ್ಲೂ ಇರೋದಿಲ್ಲ ಅನ್ನೋದು ಮನಸ್ಸಲ್ಲಿರಲಿ.

ಊರಿನ ಹೆಸರೇ ಸಿಗೋದಿಲ್ಲ ಅಂದಿರಲ್ಲ, ಅದಕ್ಕೆ 1951 ಮತ್ತು 1961ರ ಜನಗಣತಿಯ ಶಿವಮೊಗ್ಗ ಜಿಲ್ಲಾ ಕೈಪಿಡಿ ನೋಡಿ. ಈ ಎರಡು ಕೈಪಿಡಿಯೂ ಲಿಂಗನಮಕ್ಕಿ ತುಂಬುವ ಮುಂಚಿನವು, ಊರುವಾರು ಜನಸಂಖ್ಯೆ ಇದೆ. ಜನಗಣತಿ ಇಲಾಖೆಯ ವೆಬ್‌ಸೈಟಿನಲ್ಲಿ ಹಳೇ ಸಂಪುಟಗಳನ್ನು ಹಾಕಿದ್ದಾರೆ. ಇಂಗ್ಲಿಷ್ ಕಾಗುಣಿತ ಹೇಗೆ ಬೇಕಾದರೂ ಇರಬಹುದು, ಹಾಗಾಗಿ ಹುಡುಕುವ ಬದಲು ಸಾಗರ ತಾಲೂಕಿನ ಪಟ್ಟಿಯನ್ನು ಕೂತು ಪೂರ್ತಿ ಓದಿ. ಒಂದು ಎಚ್ಚರಿಕೆ: ನಿಮ್ಮ ಊರು ದೊಡ್ಡ ಕಂದಾಯ ಗ್ರಾಮದ ಒಂದು ಮಜರೆ (ಅದಕ್ಕೆ ಸೇರಿದ ಸಣ್ಣ ಹಳ್ಳಿ) ಆಗಿದ್ದರೆ ಪಟ್ಟಿಯಲ್ಲಿ ಬೇರೆಯಾಗಿ ಬರೋದಿಲ್ಲ. ಮಲೆನಾಡಿನಲ್ಲಿ ಇದು ತುಂಬಾ ಸಾಮಾನ್ಯ. ಯಾವ ಗ್ರಾಮಕ್ಕೆ ಸೇರಿತ್ತು ಅಂತ ಹಿರಿಯರಿಂದ ತಿಳಿದುಕೊಂಡು ಆ ಹೆಸರಿನಲ್ಲಿ ಹುಡುಕಿ.

ನಕ್ಷೆಗೆ ಸರ್ವೆ ಆಫ್ ಇಂಡಿಯಾದ ಹಳೇ ಒಂದು ಇಂಚಿಗೆ ಒಂದು ಮೈಲಿಯ ಹಾಳೆಗಳೇ ಬೇಕು. ಹಿನ್ನೀರಿನ ಜಾಗ 48 ಜೆ, 48 ಕೆ, 48 ಎನ್, 48 ಒ ಈ ನಾಲ್ಕು ಚೌಕಗಳಲ್ಲಿ ಹಂಚಿಹೋಗಿದೆ. 1964ಕ್ಕಿಂತ ಹಿಂದೆ ಅಚ್ಚಾದ ಹಾಳೆಯಲ್ಲಿ ನದಿ ನದಿಯಾಗೇ ಇರುತ್ತದೆ, ಊರುಗಳು, ಕಾಲುದಾರಿ, ದೋಣಿಗಂಡಿ ಕಾಣಿಸುತ್ತವೆ. ಭೂಮಾಪನ ಇಲಾಖೆಯಲ್ಲಿ ಹಳೇ ಗ್ರಾಮನಕ್ಷೆ, ಟಿಪ್ಪಣಿ ಕೇಳಬಹುದು, ಸರ್ವೆ ನಂಬರಿನ ಗಡಿ ಅದರಲ್ಲಿರುತ್ತದೆ. 1960ರಿಂದ 1972ರ ತನಕ ಅಮೆರಿಕದ ಬೇಹುಗಾರಿಕೆ ಉಪಗ್ರಹಗಳು ತೆಗೆದ ಚಿತ್ರಗಳನ್ನು 1995ರಲ್ಲಿ ಜನರಿಗೆ ಬಿಟ್ಟಿದ್ದಾರೆ. ನಿಮ್ಮ ಜಾಗದ್ದು, ಮೋಡ ಇಲ್ಲದ್ದು, ನೀರು ತುಂಬುವ ಮುಂಚಿನದ್ದು ಸಿಕ್ಕರೆ ದೊಡ್ಡ ಲಾಭ.

ಹಳೇ ಕಾಲದ್ದು ಬೇಡವೇ ಬೇಡ ಅಂತಲ್ಲ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 8ನೇ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲೂಕುಗಳ ಶಾಸನಗಳಿವೆ. 1904ರದ್ದು, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಮುಳುಗಡೆಗೆ 60 ವರ್ಷ ಮೊದಲೇ ಆಗಿದ್ದರಿಂದ, ಈಗ ನೀರಿನಡಿ ಇರುವ ಕಲ್ಲಿನ ಪಾಠವೂ ಅದರಲ್ಲಿ ಇರುವ ಸಾಧ್ಯತೆ ಇದೆ. ಹೊಸನಗರದ ಕಡೆಯ ಊರಾದರೆ "ನಗರ" ತಾಲೂಕಿನಲ್ಲಿ ನೋಡಿ. ತಾಳೆಗರಿ, ಓಲೆ, ತಿಗಳಾರಿ ಲಿಪಿಯ ಕಾಗದ ಮನೆಯಲ್ಲಿ ಇದ್ದರೆ ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಹೋಗಿ ತೋರಿಸಿ. ಇದು ಇಷ್ಟು ಸಾಕು.

ಬೇಸಿಗೆಯಲ್ಲಿ ನೀರು ಇಳಿದಾಗ ಜಾಗಕ್ಕೆ ಹೋಗಬೇಕು ಅನ್ನಿಸುತ್ತದೆ, ಹೋಗಿ. ಮಳೆ ಕಮ್ಮಿಯಾದ ವರ್ಷಗಳಲ್ಲಿ ಮನೆಗಳ ಪಂಚಾಂಗ (ಅಡಿಪಾಯ), ಬಾವಿಕಟ್ಟೆ, ಬೇರು ಬಿಟ್ಟು ನಿಂತ ಮರದ ಬುಡ ಎಲ್ಲ ಮೇಲೆ ಬರುತ್ತವೆ. ಊರಿನ ಹಿರಿಯರೊಬ್ಬರು ಜೊತೆಗಿದ್ದರೆ ಒಳ್ಳೇದು, ಸ್ಥಳೀಯರಿಲ್ಲದೆ ಕೆಸರಿಗೆ ಇಳಿಯಬೇಡಿ. ಪ್ರತಿ ಪಂಚಾಂಗಕ್ಕೂ ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶ ಹಿಡಿದು ಮನೆಪಟ್ಟಿಯ ನಂಬರ್ ಹಾಕಿ. ವೀರಗಲ್ಲು, ಮಾಸ್ತಿಕಲ್ಲು ಕಂಡರೆ ಫೋಟೋ ತೆಗೆದು ಅಲ್ಲೇ ಬಿಡಿ, ಮನೆಗೆ ತರಬೇಡಿ. ಅಕ್ಷರ ಕಾಣಲಿ ಅಂತ ಸುಣ್ಣ, ಬಣ್ಣ, ಎಣ್ಣೆ ಹಚ್ಚಬೇಡಿ, ತಂತಿ ಬ್ರಷ್ಷಿನಿಂದ ಉಜ್ಜಬೇಡಿ. ಬರೀ ನೀರು ಹಾಕಿ ಕೈಯಲ್ಲಿ ಒರೆಸಿ, ಸಂಜೆ ಓರೆ ಬಿಸಿಲಿನಲ್ಲಿ ಅಥವಾ ಪಕ್ಕದಿಂದ ಟಾರ್ಚ್ ಹಿಡಿದು ತೆಗೆದರೆ ಸವೆದ ಅಕ್ಷರವೂ ಏಳುತ್ತದೆ. ಆಮೇಲೆ ಪುರಾತತ್ವ ಇಲಾಖೆಗೆ ತಿಳಿಸಿ. ನಿಧಿ ಹುಡುಕುವವರ ಕಾಟ ಇದೆ, ಆದ್ದರಿಂದ ಕಲ್ಲು ಇರುವ ನಿಖರ ಜಾಗವನ್ನು ಫೇಸ್‌ಬುಕ್‌ಗೆ ಹಾಕಬೇಡಿ.

ದೇವರು ಎಲ್ಲಿಗೆ ಹೋಯಿತು ಅಂತಲೂ ಹುಡುಕಿ. ಊರು ಬಿಡುವಾಗ ದೇವರನ್ನೂ ಎಬ್ಬಿಸಿ ಹೊಸ ಜಾಗಕ್ಕೆ ಒಯ್ದವರಿದ್ದಾರೆ, ಬಿಟ್ಟು ಬಂದವರೂ ಇದ್ದಾರೆ. ಒಯ್ದಿದ್ದರೆ ಆ ಗುಡಿಗೆ ವರ್ಷಕ್ಕೊಮ್ಮೆ ಹಳೇ ಊರಿನವರು ಬಂದು ಸೇರುತ್ತಿರಬಹುದು. ಹಾಗೆ ಸೇರುವ ದಿನ ನೀವು ದೊಡ್ಡ ಹಾಳೆಯ ನಕ್ಷೆ ಗೋಡೆಗೆ ಅಂಟಿಸಿ ಪಕ್ಕದಲ್ಲಿ ಪೆನ್ನು ಇಟ್ಟುಬಿಡಿ. ಜನ ತಾವಾಗೇ ಬಂದು ತಿದ್ದುತ್ತಾರೆ, ಜಗಳ ಆಡುತ್ತಾರೆ, ಬಿಟ್ಟುಹೋದ ಮನೆ ಸೇರಿಸುತ್ತಾರೆ. ಹಳೇ ಮದುವೆ ಫೋಟೋ ಇದ್ದವರು ತರಲಿ, ಅಲ್ಲೇ ಎರಡೂ ಬದಿ ಸ್ಕ್ಯಾನ್ ಮಾಡಿ ವಾಪಸ್ ಕೊಟ್ಟುಬಿಡಿ. ಹಿಂಬದಿಯ ಬರಹವೂ ದಾಖಲೆ. ಯಾರ ಮೂಲ ಕಾಗದವನ್ನೂ ನಿಮ್ಮ ಮನೆಗೆ ಒಯ್ಯಬೇಡಿ.

ಇಲ್ಲಿ ಜೋಪಾನವಾಗಿರಬೇಕಾದ ಒಂದು ಸಂಗತಿ ಇದೆ. ಹಕ್ಕುಪತ್ರದ ಕೇಸು ನಡೆಯುತ್ತಿರುವ ಮನೆಗಳಲ್ಲಿ ಒಂದು ಸರ್ವೆ ನಂಬರ್, ಒಂದು ವರ್ಷ ಹೆಚ್ಚುಕಮ್ಮಿ ಆದರೂ ತೊಂದರೆ ಆಗಬಹುದು. ಅಂಥವರು ಕೊಟ್ಟ ಕಾಗದವನ್ನು, ಅವರು ಈಗಿರುವ ಜಾಗದ ವಿವರವನ್ನು ಅವರ ಒಪ್ಪಿಗೆ ಇಲ್ಲದೆ ಹೊರಗೆ ಹಾಕಬೇಡಿ. ಅವರ ಬದುಕಿನ ಮುಂದೆ ನಮ್ಮ ದಾಖಲೆ ದೊಡ್ಡದಲ್ಲ.

ಉಳಿಸೋದು ಹೇಗೆ ಅಂದರೆ, ಒಂದೇ ಕಡೆ ಇಡಬೇಡಿ. ಧ್ವನಿ, ಫೋಟೋ, ನಕ್ಷೆ ಎಲ್ಲದರ ಒಂದು ಪ್ರತಿ ನಿಮ್ಮ ಹತ್ತಿರ ಹಾರ್ಡ್‌ಡಿಸ್ಕಿನಲ್ಲಿ, ಒಂದು ಇನ್ನೊಬ್ಬ ಸಂಬಂಧಿಕರ ಮನೆಯಲ್ಲಿ, ಒಂದು ಇಂಟರ್ನೆಟ್ ಆರ್ಕೈವ್‌ನಲ್ಲಿ. ಫೋಟೋಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಹಾಕಬಹುದು. ಕನ್ನಡ ವಿಕಿಪೀಡಿಯದಲ್ಲಿ ಅಚ್ಚಾದ ಆಧಾರ ಕೇಳುತ್ತಾರೆ, ಅದಕ್ಕೆ ಅಜ್ಜಿಯ ಮಾತನ್ನು ನೇರವಾಗಿ ಅಲ್ಲಿ ಹಾಕಿದರೆ ನಿಲ್ಲೋದಿಲ್ಲ. ಮೊದಲು ಮನೆಪಟ್ಟಿ, ನಕ್ಷೆ, ಮಾತುಗಳನ್ನು ಸೇರಿಸಿ ಐವತ್ತು ಅರವತ್ತು ಪುಟದ ಸಣ್ಣ ಪುಸ್ತಕ ಅಚ್ಚು ಹಾಕಿಸಿ. ಕಾಗದಕ್ಕೆ ಪಾಸ್‌ವರ್ಡ್ ಬೇಡ, ಹಳ್ಳಿ ಮನೆಯ ಕಪಾಟಿನಲ್ಲಿ ನೂರು ವರ್ಷ ಇರುತ್ತದೆ. ಮನೆಗೊಂದು ಪ್ರತಿ, ಸಾಗರದ ಗ್ರಂಥಾಲಯಕ್ಕೆ ಒಂದು, ಊರಿನವರು ಈಗ ಜಾಸ್ತಿ ಇರುವ ಕಡೆಯ ಶಾಲೆಗೆ ಒಂದು.

ಇದನ್ನು ಈಗಲೇ ಮಾಡಬೇಕು ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ಹಿನ್ನೀರು ದಾಟೋಕೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಲಾಂಚ್ ಕಾಯುತ್ತಿದ್ದ ಕಾಲ ಮುಗಿಯಿತು, 2025ರ ಜುಲೈನಲ್ಲಿ ಸೇತುವೆ ತೆರೆಯಿತು. ಹಿನ್ನೀರಿನ ಆಚೆ ದಡದ ತುಮರಿ ಕಡೆಯ ಜನ ಅರವತ್ತು ವರ್ಷ ಅನುಭವಿಸಿದ ಕಷ್ಟ ತಪ್ಪಿದ್ದು ತುಂಬಾ ಸಂತೋಷದ ವಿಷಯ. ಆದರೆ ದಾರಿ ಸಲೀಸಾದ ಕಡೆ ಜಮೀನು ಕೈ ಬದಲಾಗೋದು, ಹಳೇ ಮನೆ ಕೆಡವೋದು ಬೇಗ ಆಗುತ್ತದೆ. ಮುಳುಗಡೆಯಿಂದ ಎದ್ದು ಬಂದವರು ದಡದಲ್ಲಿ ಕಟ್ಟಿಕೊಂಡ ಮೊದಲ ಮನೆಗಳು ಕೂಡ ಈ ಚರಿತ್ರೆಯ ಭಾಗ. ಅವನ್ನೂ ಫೋಟೋ ತೆಗೆದಿಟ್ಟುಕೊಳ್ಳಿ.

ಅಜ್ಜಿಯ ಹತ್ತಿರ ಕೂತು ಬಂದಮೇಲೆ ಊರಿನ ಹೆಸರು, ಹೋಬಳಿ (ಕರೂರೋ, ಭಾರಂಗಿಯೋ, ಆವಿನಹಳ್ಳಿಯೋ), ಅಕ್ಕಪಕ್ಕದ ಎರಡು ಊರಿನ ಹೆಸರು ಬರೆದು ಕಳಿಸಿ. 1951ರ ಪಟ್ಟಿಯಲ್ಲಿ ಮತ್ತು 8ನೇ ಸಂಪುಟದಲ್ಲಿ ನಾನೂ ಹುಡುಕುತ್ತೇನೆ.